ಯಾರ ಲೆಕ್ಕಕ್ಕೂ ಬಾರದ ಸಕ್ಕರೆ

ಇವರಿಗೆ: ಸಕ್ಕರೆ ಕಾಯಿಲೆ ಇದೆಯೆಂದು ಇತ್ತೀಚೆಗೆ ತಿಳಿದವರಿಗೆ, ಹಾಗೂ ಇದ್ದರೂ ಇನ್ನೂ ತಿಳಿಯದವರಿಗೆ.
ವಿಷಯ: ನನ್ನ ಎರಡು ಕಣ್ಣುಗಳ ಬಗ್ಗೆ ಮತ್ತು ನಾನು ತುಂಬಿದ ನಮೂನೆಗಳ ಬಗ್ಗೆ.
ಉಲ್ಲೇಖ: ಯಾವುದೂ ಇಲ್ಲ. ನಾನು ಕಂಡದ್ದು, ಅನುಭವಿಸಿದ್ದು.

ಮಾನ್ಯರೇ,

ಮೊದಲನೆಯದಾಗಿ, ನನ್ನ ಕೈಬರಹ ಮತ್ತು ಕಾಗುಣಿತದ ಬಗ್ಗೆ ತಮ್ಮಲ್ಲಿ ಕ್ಷಮೆ ಕೋರುತ್ತೇನೆ. ಸಾಲುಗಳು ಓರೆಯಾಗಿರಬಹುದು, ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದಿರಬಹುದು. ನಮ್ಮ ಮನೆಯ ಮಾತು ಉರ್ದು. ಕನ್ನಡವನ್ನು ಆಡಲು ಕಲಿತದ್ದು ಓಣಿಯಲ್ಲಿ, ಬರೆಯಲು ಕಲಿತದ್ದು ಕಚೇರಿಯ ಪತ್ರಗಳಿಂದ. ಇದುವರೆಗೆ ನಾನು ಬರೆದಿರುವುದೆಲ್ಲ ‘ಭರ್ತಿ ಮಾಡಿದ ನಮೂನೆಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದೆ’ ಎಂಬ ಬಗೆಯ ಬರಹ. ಬೇರೆ ರೀತಿಯಲ್ಲಿ ಬರೆಯಲು ಧೈರ್ಯ ಸಾಲದ ಕಾರಣ ಇದನ್ನೂ ಅದೇ ರೀತಿಯಲ್ಲಿ ಬರೆಯುತ್ತಿದ್ದೇನೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸಿಕೊಳ್ಳುವುದೇನೆಂದರೆ, ನನ್ನ ಹೆಸರು ಹಸೀನಾಬಾನು. ವಯಸ್ಸು ನಲವತ್ತಾರು. ವಾಸ ಬ್ಯಾಡಗಿ. ಪತಿ ಮಾಬುಸಾಬ ಅವರು ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಸಾಗಿಸುವ ಗೂಡ್ಸ್ ಆಟೊ ಓಡಿಸುತ್ತಾರೆ. ನಾನು ಆಹಾರ ಸಮೀಕ್ಷೆಯ ಗಣತಿದಾರಳು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, ಆ ಮನೆಯವರು ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಊಟದಿಂದ ಬರುವ ಕಾಯಿಲೆಗಳನ್ನು ತಡೆಯಲು ಏನು ಮಾಡಬೇಕೆಂಬುದನ್ನು ಮೇಲಿನವರು ಈ ನಮೂನೆಗಳನ್ನು ನೋಡಿ ತೀರ್ಮಾನಿಸುತ್ತಾರೆ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನ್ನ ಜೊತೆ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ತೊಂದರೆಯಾದೀತು.

ನಮ್ಮ ಕೆಲಸದ ರೀತಿಯನ್ನು ಮೊದಲು ವಿವರಿಸಬೇಕು. ಹಳ್ಳಿಯ ಮನೆಗೆ ಹೋದರೆ ಮೊದಲು ಚಾಪೆ ಹಾಸುತ್ತಾರೆ. ಎರಡನೆಯದಾಗಿ ಚಹಾ ಬರುತ್ತದೆ. ಪ್ರಶ್ನೆಗಳ ಸರದಿ ಮೂರನೆಯದು. ಆ ಮನೆಯವರು ತಮಗೆ ಬೆಲ್ಲದ ಚಹಾ ಕಾಸಿಕೊಳ್ಳುತ್ತಿರಬಹುದು, ಬಂದವರಿಗೆ ಸಕ್ಕರೆಯದೇ ಆಗಬೇಕು, ಅದೂ ಧಾರಾಳವಾಗಿ. ಕರ್ಜಗಿಯಲ್ಲಿ ಒಬ್ಬ ಅಜ್ಜಿ ಕಪ್ಪು ಕೈಗಿಡುತ್ತಾ, “ತಗೋರಿ ಅಕ್ಕಾರ, ನಿಮಗಂತನ ಒಂದ್ ಚಮಚಾ ಜಾಸ್ತಿ ಒಗದೇನಿ. ಬಿಸಲಾಗ ತಿರಗಿ ಬಂದೀರಿ” ಎಂದಿದ್ದರು. ಅಂಥ ಮಾತಿಗೆ ಬೇಡವೆನ್ನುವುದು ಹೇಗೆ?

ಬೇಡವೆನ್ನದಿರಲು ನನಗೆ ಬೇರೆ ಕಾರಣಗಳೂ ಇದ್ದವು. ನಾನು ಬುರ್ಖಾ ತೊಟ್ಟು ಹೋಗುವವಳು. ಕೆಲವು ಮನೆಗಳಲ್ಲಿ ಹೊಸ್ತಿಲಲ್ಲಿ ಒಂದು ಕ್ಷಣ ಅನುಮಾನವಿರುತ್ತದೆ. ಅದೇ ಮನೆಯವರು ತಮ್ಮ ಕಪ್ಪಿನಲ್ಲಿಯೇ ಚಹಾ ತಂದುಕೊಟ್ಟರೆ ನನಗೆ ಎದೆ ತುಂಬಿ ಬರುತ್ತಿತ್ತು. ಕೊನೆಯ ಗುಟುಕಿನವರೆಗೆ ಕುಡಿಯುತ್ತಿದ್ದೆ. ಇನ್ನು ಊರ ಹೊರಗಿನ ಕೇರಿಗಳಲ್ಲಿ ಚಹಾ ಬೇಡವೆಂದರೆ ಅದಕ್ಕೆ ಒಂದೇ ಅರ್ಥ. ‘ಸಕ್ಕರೆ ಬೇಡ’ ಎಂದು ಅಲ್ಲಿ ಯಾರಿಗೂ ಕೇಳಿಸುವುದಿಲ್ಲ, ‘ನಿಮ್ಮ ಕೈಯದು ಬೇಡ’ ಎಂದೇ ಕೇಳಿಸುತ್ತದೆ. ಆ ಅವಮಾನವನ್ನು ತಲೆಮಾರುಗಳಿಂದ ಕಂಡವರಿಗೆ ನಾನು ಇನ್ನೊಂದು ಸಲ ಕಾಣಿಸಲಾರೆ. ತರಬೇತಿಯಲ್ಲಿ ಮೇಲ್ವಿಚಾರಕರು ಸ್ಪಷ್ಟವಾಗಿ ಸೂಚಿಸಿದ್ದರು: “ಚಾ ಕೊಟ್ರ ಕುಡೀರಿ. ಕುಡೀಲಿಲ್ಲಂದ್ರ ಖರೇ ಉತ್ತರ ಸಿಗಂಗಿಲ್ಲ.” ದಿನಕ್ಕೆ ಹನ್ನೆರಡು ಮನೆಗಳ ಗುರಿ ಇತ್ತು. ಹನ್ನೆರಡು ಮನೆ, ಹನ್ನೆರಡು ಕಪ್ಪು.

ರಂಜಾನ್ ತಿಂಗಳಲ್ಲಿ ಮಾತ್ರ ನನಗೆ ಚಹಾದಿಂದ ಬಿಡುವು ಸಿಗುತ್ತಿತ್ತು. “ರೋಜಾ ಐತ್ರಿ” ಎಂದರೆ ಯಾವ ಮನೆಯಲ್ಲಿಯೂ ಯಾರೂ ಬೇಸರಿಸಿಕೊಳ್ಳುತ್ತಿರಲಿಲ್ಲ. “ಅಯ್ಯ, ನೀರೂ ಕುಡಿಯಂಗಿಲ್ಲಲ್ಲವಾ, ನೆಳ್ಳಿಗರ ಕುಂದ್ರಿ” ಎಂದು ಬೀಸಣಿಕೆ ಕೊಡುತ್ತಿದ್ದರು.

ಈಗ ನಮೂನೆಯ ವಿಚಾರ. ಅದರಲ್ಲಿ ಸಕ್ಕರೆಯ ಸಾಲಿನ ಕೆಳಗೆ ಒಂದು ಸೂಚನೆ ಇದೆ: ತಿಂಗಳಿಗೆ ಮನೆಗೆ ತಂದ ಸಕ್ಕರೆಯಲ್ಲಿ ಅತಿಥಿಗಳಿಗೆ ಬಳಸಿದ್ದನ್ನು ಕಳೆದು ಬರೆಯತಕ್ಕದ್ದು. ಇನ್ನೊಂದು ಸೂಚನೆ: ಮನೆಯ ಹೊರಗೆ ಸೇವಿಸಿದ್ದು ಈ ನಮೂನೆಯ ವ್ಯಾಪ್ತಿಗೆ ಬರುವುದಿಲ್ಲ. ಆ ಸೂಚನೆಗಳನ್ನು ನಾನು ವರ್ಷಗಟ್ಟಲೆ ನಿಷ್ಠೆಯಿಂದ ಪಾಲಿಸಿದೆ. ಒಂದು ಕೈಯಲ್ಲಿ ಕಪ್ಪು ಹಿಡಿದು ಕುಡಿಯುತ್ತಾ, ಇನ್ನೊಂದು ಕೈಯಿಂದ ಅದೇ ಕಪ್ಪಿನ ಸಕ್ಕರೆಯನ್ನು ಆ ಮನೆಯ ಲೆಕ್ಕದಿಂದ ಕಳೆದೆ. ತರಬೇತಿಯ ದಿನ ಅಭ್ಯಾಸಕ್ಕೆಂದು ನಮ್ಮ ನಮ್ಮ ಮನೆಯ ನಮೂನೆಯನ್ನು ನಾವೇ ತುಂಬಬೇಕಿತ್ತು. ನಾನು ನಮ್ಮ ಮನೆಯ ಡಬ್ಬಿಯಲ್ಲಿ ಇದ್ದದ್ದನ್ನು ಹಿಂದಿನ ದಿನವೇ ಸರಿಯಾಗಿ ತೂಗಿಕೊಂಡು ಹೋಗಿ ಬರೆದೆ. ಮೇಲ್ವಿಚಾರಕರು ಅದನ್ನು ಎಲ್ಲರಿಗೂ ತೋರಿಸಿ, “ನೋಡ್ರಿ, ಸಕ್ಕರಿ ಎಷ್ಟ ಹಿತಮಿತ! ಇದು ಮಾದರಿ ಮನಿ” ಎಂದರು. ಅದರ ಪ್ರತಿಗಳನ್ನು ಮಾಡಿಸಿ ಹೊಸಬರಿಗೆ ಇಂದಿಗೂ ಹಂಚುತ್ತಿದ್ದಾರೆ. ಆ ಮಾದರಿ ಮನೆಯ ಗೃಹಿಣಿಯ ಕಣ್ಣಿಗೆ ಏನಾಯಿತೆಂಬುದು ಆ ಪ್ರತಿಯಲ್ಲಿ ಇಲ್ಲ.

ಆದದ್ದು ಹೀಗೆ. ಎಡಗಣ್ಣಿನ ಮುಂದೆ ಕೂದಲೆಳೆಯಂಥ ಕಪ್ಪು ಗೆರೆಯೊಂದು ತೇಲಾಡಲು ಆರಂಭಿಸಿತು. ಕೈಯಿಂದ ಸರಿಸಿದರೆ ಸರಿಯುತ್ತಿರಲಿಲ್ಲ. ತಾವು ಬ್ಯಾಡಗಿಯವರಾಗಿದ್ದರೆ ನಾನು ಏನು ಮಾಡಿದೆನೆಂದು ಕೇಳುವ ಅಗತ್ಯವೇ ಇಲ್ಲ. ನಮ್ಮ ಊರಿನಲ್ಲಿ ಕಣ್ಣು ಉರಿದರೂ, ಕೆಂಪಾದರೂ, ಮಂಜಾದರೂ ಕಾರಣ ಒಂದೇ, ಮೆಣಸಿನಕಾಯಿಯ ಘಾಟು. ಸುಗ್ಗಿಯಲ್ಲಿ ಇಡೀ ಊರೇ ಸೀನುತ್ತದೆ. ನನ್ನ ಪತಿಯ ಅಂಗಿಯನ್ನು ಒಗೆದರೆ ಬೆರಳು ಉರಿಯುತ್ತವೆ. (ಮನೆಯಲ್ಲಿ ನಾವು ಆಡಿದ ಉರ್ದುವನ್ನು ಇಲ್ಲಿ ಕನ್ನಡದಲ್ಲಿಯೇ ಬರೆದಿದ್ದೇನೆ.)

“ಘಾಟ ಹತ್ತೇತಿ. ತಣ್ಣೀರ ಹೊಡಕೊ” ಎಂದರು ನನ್ನ ಪತಿ.

“ನನ್ನ ಅಂಗೀನ ನೀ ಹೊರಗ ಝಾಡಿಸಂಗಿಲ್ಲ, ಅದಕ್ಕ ಹಿಂಗಾಗೇತಿ” ಎಂದೂ ಸೇರಿಸಿದರು.

“ನಿಮ್ಮ ಅಂಗೀ ನೀವ ಝಾಡಿಸ್ಕೊಂಡ್ರ ನನ್ನ ಕಣ್ಣು ಇನ್ನೂ ಛಲೋ ಇರತಾವು” ಎಂದೆ. ಇಬ್ಬರೂ ನಕ್ಕೆವು. ತಣ್ಣೀರು ಹೊಡೆದುಕೊಂಡೆ. ಅತ್ತೆಯವರು ನೆತ್ತಿಗೆ ಹರಳೆಣ್ಣೆ ತಟ್ಟಿದರು. ನಾಲ್ಕು ತಿಂಗಳು ಹೀಗೆಯೇ ಕಳೆದವು. ನೆರೆಯ ಹೆಂಗಸರೆಲ್ಲ ಒಂದೊಂದು ಔಷಧ ಹೇಳಿದರು. ಯಾರ ಬಾಯಿಂದಲೂ ಸಕ್ಕರೆ ಎಂಬ ಮಾತು ಬರಲಿಲ್ಲ. ನನ್ನ ತಲೆಗೂ ಬರಲಿಲ್ಲ. ಸಕ್ಕರೆಯ ಸಾಲನ್ನು ದಿನಕ್ಕೆ ಹನ್ನೆರಡು ಬಾರಿ ತುಂಬುವವಳು ನಾನು!

ಕೊನೆಗೆ ನನ್ನನ್ನು ಆಸ್ಪತ್ರೆಗೆ ಕಳುಹಿಸಿದ್ದು ನಮೂನೆಯೇ. ಒಂದು ದಿನ ಮೇಲ್ವಿಚಾರಕರು ದೂರವಾಣಿ ಮಾಡಿ, “ಏನ್ರಿ ಹಸೀನಾಬಾನು, ಕರ್ಜಗಿ ಈ ಮನಿಯವರು ತಿಂಗಳಿಗೆ ಮೂವತ್ತು ಕಿಲೋ ಉಪ್ಪು ತಿಂತಾರೇನು?” ಎಂದು ಕೇಳಿದರು. ಜೋಳದ ತೂಕವನ್ನು ನಾನು ಉಪ್ಪಿನ ಸಾಲಿನಲ್ಲಿ ಬರೆದಿದ್ದೆ. ಬಲಗಣ್ಣನ್ನು ಕೈಯಿಂದ ಮುಚ್ಚಿ ನೋಡಿದಾಗ ತಿಳಿಯಿತು: ಎಡಗಣ್ಣಿನಲ್ಲಿ ಗೆರೆ ಹೋಗಿ ಹೊಗೆ ತುಂಬಿತ್ತು. ಕಾಗದವೇ ಕಾಣಲಿಲ್ಲ.

ರಾಣೆಬೆನ್ನೂರಿನ ಒಂದು ಕಣ್ಣಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಮೊದಲು ಕಣ್ಣಿಗೆ ಔಷಧ ಹನಿಸಿ, ಮುಚ್ಚಿಕೊಂಡು ಕುಳಿತಿರಲು ಹೇಳುತ್ತಾರೆ. ಉದ್ದನೆಯ ಕೋಣೆ, ಸಾಲು ಬೆಂಚುಗಳು. ನನ್ನ ಪತಿಯನ್ನು ಹೊರಗೆ ನಿಲ್ಲಿಸಿದ್ದರು. ನಾನು ಹೆದರಿ ಬುರ್ಖಾದ ಅಂಚನ್ನು ಹಿಂಡುತ್ತಾ ಕುಳಿತಿದ್ದೆ. ಪಕ್ಕದಿಂದ ಒಂದು ಮುದಿ ಧ್ವನಿ ಕೇಳಿತು.

“ಕಣ್ಣ ತಗೀಬ್ಯಾಡವಾ, ಔಷಧ ಸೋರಿ ಹೊಕ್ಕತಿ. ಮತ್ತ ಮೊದಲಿನಿಂದ ಹಾಕತಾರ.”

“ನಾ ತಗದದ್ದು ನಿಮಗ ಹ್ಯಾಂಗ ಗೊತ್ತಾತ್ರಿ?”

“ನಾನೂ ತಗದಿದ್ದೆ ಅದಕ್ಕ.” ಆಕೆ ನಕ್ಕರು. ತಮ್ಮ ಹೆಸರು ನೀಲವ್ವ, ಊರು ಕುಮಾರಪಟ್ಟಣದ ಕಡೆ ಎಂದರು. “ನೋಡು, ಎಲ್ಲಾರೂ ಹ್ಯಾಂಗ ಕಣ್ಣ ಮುಚ್ಚಿ ಕುಂತೀವಿ, ಧ್ಯಾನಕ್ಕ ಕುಂತಂಗ. ಈಗ ಖರೇನ ದೇವರು ಬಂದ್ರ ಯಾರಿಗೂ ಕಾಣಂಗಿಲ್ಲ, ಹಂಗ ಹೊಳ್ಳಿ ಹೊಕ್ಕಾನ.”

ಅಳು ಬರುವಂತಿದ್ದ ನನಗೆ ನಗು ಬಂದಿತು. ಆಕೆ ನನ್ನ ಕೈ ಹಿಡಿದುಕೊಂಡರು. ಒರಟಾದ, ಬೆಚ್ಚನೆಯ ಕೈ. ಕರೆ ಬರುವವರೆಗೂ ಬಿಡಲಿಲ್ಲ. ಆಕೆಯ ಮುಖವನ್ನು ನಾನು ನೋಡಲೇ ಇಲ್ಲ. ಇಂದು ಎದುರಿಗೆ ಬಂದರೂ ಗುರುತಿಸಲಾರೆ. ಕೈ ಹಿಡಿದರೆ ಗುರುತಿಸಬಲ್ಲೆ.

ಅಷ್ಟರಲ್ಲಿ ಟ್ರೇಯ ಸದ್ದು ಬಂದಿತು. ಯಾರೋ ದಾನಿಗಳು ರೋಗಿಗಳಿಗೆಂದು ಉಚಿತವಾಗಿ ಚಹಾ, ಬಿಸ್ಕೀಟು ಕೊಡಿಸುತ್ತಿದ್ದರು. ಕಣ್ಣು ಮುಚ್ಚಿದವರೆಲ್ಲ ವಾಸನೆಯ ಕಡೆಗೆ ಕೈ ಚಾಚಿದರು. ನಾನೂ ಚಾಚಿದೆ. ನೀಲವ್ವ ಒಂದು ಗುಟುಕು ಕುಡಿದು, “ಸಕ್ಕರಿ ಬ್ಯಾನಿಗೆ ಕಣ್ಣ ಹೋದವರ ದವಾಖಾನ್ಯಾಗ ಸಕ್ಕರಿ ಚಾ ಫುಕಟ! ಪಾಕ ಆಗೇತಿ ನೋಡವಾ” ಎಂದರು. ನಮ್ಮಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಕೊಡುವವರು ಕೇಳಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ನಮ್ಮ ಕಡೆ ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ. ಅದೇ ನನ್ನ ದೂರು.

ಒಳಗೆ ವೈದ್ಯೆಯೊಬ್ಬರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿ, “ಸಕ್ಕರಿ ಕಾಯಿಲೆ ಎಷ್ಟ ವರ್ಷದ್ದು?” ಎಂದರು.

“ನನಗ ಇಲ್ಲರಿ.”

ಅವರು ಸಹಾಯಕಿಯನ್ನು ಕರೆದರು. ರಕ್ತ ತೆಗೆಸಿದರು. ಚೀಟಿ ಬಂದಾಗ ಅದರಲ್ಲಿ ಮೂರು ಅಂಕಿಗಳಿದ್ದವು, ಮೊದಲನೆಯದು ನಾಲ್ಕು, ಅಂದರೆ ಸಕ್ಕರೆ ನಾನೂರರ ಮೇಲೆ. ಆಮೇಲೆ ಅವರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, ಎಡಗಣ್ಣಿನೊಳಗೆ ರಕ್ತ ಸೋರಿದೆ, ಚುಚ್ಚುಮದ್ದು ಮತ್ತು ಲೇಸರ್ ಮಾಡೋಣ, ಆದರೆ ಹೋದ ನೋಟ ಪೂರ್ತಿಯಾಗಿ ಮರಳುವುದಿಲ್ಲ ಎಂದರು. “ಬಲಗಣ್ಣಿನ್ಯಾಗೂ ಸುರು ಆಗೇತಿ. ಇವತ್ತಿನಿಂದ ಮೂರು ತಿಂಗಳು. ಸಕ್ಕರಿ ಹಿಡತಕ್ಕ ಬಂದ್ರ ಈ ಕಣ್ಣು ಉಳಸ್ತೀನಿ. ಬರಲಿಲ್ಲಂದ್ರ ನನ್ನ ಕೈಯಾಗ ಇಲ್ಲರಿ ಅಮ್ಮಾ.”

ಆ ವೈದ್ಯೆಯ ಬಗ್ಗೆ ನನಗೆ ಯಾವ ದೂರೂ ಇಲ್ಲ. ಹೊರಗಿನ ಮೇಜಿನಲ್ಲಿ ಆಹಾರದ ಚೀಟಿ ಕೊಡುವವರು ಕುಳಿತಿದ್ದರು. ಅವರು ನನ್ನ ಹಾಳೆ ನೋಡಿ, “ಸಿಹಿ ಮ್ಯಾಲ ಭಾಳ ಆಸೆ ಏನ್ರಿ? ಇನ್ನರ ನಾಲಿಗಿ ಹಿಡೀರಿ” ಎಂದರು. ಹಿಂದೆ ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಮಾನ್ಯರೇ, ನನಗೆ ಸಿಹಿ ಸೇರುವುದಿಲ್ಲ. ಮದುವೆಯಲ್ಲಿ ನನ್ನ ತಟ್ಟೆಯ ಶಿರಾ ಯಾವಾಗಲೂ ಪಕ್ಕದವರಿಗೆ ಹೋಗುತ್ತದೆ. ಈದ್ ಹಬ್ಬಕ್ಕೆ ಶೀರ್ ಖುರ್ಮಾ ಪಾಯಸ ಮಾಡುವವಳು ನಾನು, ಒಂದು ಚಮಚ ರುಚಿ ನೋಡಿ ಬಿಡುವವಳೂ ನಾನೇ. ನಾನು ಕುಡಿದದ್ದು ಆಸೆಯಿಂದಲ್ಲ, ಕೆಲಸದ ಮೇಲೆ. ಆದರೂ ಆ ದಿನ ನಾನು ತಲೆ ತಗ್ಗಿಸಿ, “ಹೂನ್ರಿ” ಎಂದು ಚೀಟಿ ತೆಗೆದುಕೊಂಡು ಬಂದೆ. ಹಾಗೆ ಒಪ್ಪಿಕೊಂಡು ಬಂದದ್ದಕ್ಕೆ ನನ್ನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ತಮ್ಮಲ್ಲಿ ಯಾರಿಗಾದರೂ ಅಂಥ ಮೇಜಿನ ಮುಂದೆ ನಿಲ್ಲುವ ಪ್ರಸಂಗ ಬಂದರೆ ದಯವಿಟ್ಟು “ಹೂನ್ರಿ” ಎನ್ನಬೇಡಿ.

ಮನೆಯಲ್ಲಿ ಅತ್ತೆಯವರು ಎದೆ ಬಡಿದುಕೊಂಡು ಅತ್ತರು. ಯಾರ ದೃಷ್ಟಿ ತಾಗಿತೋ ಎಂದರು. ಅತ್ತು ಮುಗಿದ ಮೇಲೆ ಎದ್ದು ಹೋಗಿ ಸಕ್ಕರೆಯ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದರು, ಡಬ್ಬಿಯ ಸಮೇತ. ಮರುದಿನ ಬೆಳಿಗ್ಗೆ ನನ್ನ ಪತಿ ಸಕ್ಕರೆಯಿಲ್ಲದ ಚಹಾ ಕುಡಿದು ಮುಖ ಕಿವುಚಿದರು. “ನಿಮಗೇನಾಗೇತಿ? ಪಕ್ಕದ ಮನ್ಯಾಗ ಒಂದ್ ಚಮಚಾ ಇಸ್ಕೊಂಡ ಬರತೀನಿ” ಎಂದೆ. “ಬ್ಯಾಡ. ಘಾಟ ಅಂತ ಹೇಳಿದಾಂವ ನಾನ ಅಲ್ಲೇನು?” ಎಂದು ಪೂರ್ತಿ ಕುಡಿದರು. ಅಂದಿನಿಂದ ಇಂದಿನವರೆಗೂ ಅದನ್ನೇ ಕುಡಿಯುತ್ತಾರೆ, ಇಂದಿಗೂ ಮುಖ ಕಿವುಚುತ್ತಾರೆ.

ಗುಳಿಗೆ, ಕಣ್ಣಿಗೆ ಸೂಜಿ, ಲೇಸರಿನ ಬೆಳಕು ಇವೆಲ್ಲದರ ವಿವರ ಇಲ್ಲಿ ಅನಗತ್ಯ. ಕಣ್ಣಿಗೆ ಸೂಜಿ ಎಂಬ ಮಾತು ಕೇಳಿ ಹೆದರಿದವರಿಗೆ ಒಂದು ಮಾತು ಹೇಳಬಲ್ಲೆ: ಮಾತಿನ ಹೆದರಿಕೆಯ ಮುಂದೆ ಸೂಜಿ ಸಣ್ಣದು. ಮಲಗಿ ಮನಸ್ಸಿನಲ್ಲಿಯೇ ಕಲಿಮಾ ಹೇಳಿಕೊಳ್ಳುತ್ತಿದ್ದೆ. ಎರಡನೆಯ ಸಲ ಹೇಳುವಷ್ಟರಲ್ಲಿ “ಮುಗೀತು, ಏಳ್ರಿ” ಎನ್ನುತ್ತಿದ್ದರು.

ಒಂದು ತಿಂಗಳ ನಂತರ ಕೆಲಸಕ್ಕೆ ಮರಳಿದೆ. ಮೂರು ತಿಂಗಳಲ್ಲಿ ಎರಡು ಉಳಿದಿದ್ದವು. ಚಹಾ ಕುಡಿದರೆ ಕಣ್ಣು, ಕುಡಿಯದಿದ್ದರೆ ಕೆಲಸ ಮತ್ತು ಜನರ ವಿಶ್ವಾಸ. ಮೇಲ್ವಿಚಾರಕರಿಗೆ ವಿಷಯ ತಿಳಿಸಿದೆ. “ಏನರ ಒಂದ್ ನೆವಾ ಹೇಳ್ರಿ, ಹಸೀನಾಬಾನು. ನೀವು ಶ್ಯಾಣ್ಯಾರಿದ್ದೀರಿ” ಎಂದರು.

ಕುಪ್ಪೇಲೂರಿಗೆ ಹೋದ ದಿನ ಮೊದಲ ಮನೆ ಗೌಡರದು. ನಾನು ಬಾಯಿ ತೆರೆಯುವ ಮೊದಲೇ ಕಪ್ಪು ಕೈಯಲ್ಲಿತ್ತು. ಎರಡು ಗುಟುಕು ಕುಡಿದು, ಮಾತಿನ ಮಧ್ಯೆ ಕೆಳಗಿಟ್ಟು, ಮರೆತವಳಂತೆ ಎದ್ದು ಬಂದೆ. ಬೀದಿಗೆ ಬಂದಾಗ ಬಲಗಣ್ಣನ್ನು ಮುಟ್ಟಿ ನೋಡಿಕೊಂಡೆ. ಆಗಲೇ ನನಗೆ ಆ ಕೆಟ್ಟ ಉಪಾಯ ಹೊಳೆಯಿತು. ರಂಜಾನ್ ಮುಗಿದು ಎಷ್ಟೋ ಕಾಲವಾಗಿತ್ತು. ಆದರೆ ನಮ್ಮ ತಿಂಗಳುಗಳ ಲೆಕ್ಕ ಇವರಿಗೇನು ಗೊತ್ತು ಎಂದುಕೊಂಡೆ.

ಮುಂದಿನ ಮನೆ ಕೇರಿಯ ದುರ್ಗವ್ವನದು. ನನ್ನ ವಯಸ್ಸಿನ ಹೆಂಗಸು. ಹಿಂದಿನ ವರ್ಷಗಳಲ್ಲಿ ನಾಲ್ಕಾರು ಸಲ ಅವಳ ಮನೆಯಲ್ಲಿ ಕುಳಿತು ನಕ್ಕು ಮಾತನಾಡಿದ್ದೆ. ಅವಳು ಒಲೆಯ ಮೇಲೆ ಪಾತ್ರೆ ಇಡಲು ಹೋದಾಗ, “ಬ್ಯಾಡ ದುರ್ಗವ್ವಾ, ರೋಜಾ ಐತಿ” ಎಂದೆ.

ಅವಳ ಕೈ ಅಲ್ಲಿಯೇ ನಿಂತಿತು. ಬಂದು ಎದುರಿಗೆ ಕುಳಿತಳು. ಎಲ್ಲ ಪ್ರಶ್ನೆಗಳಿಗೂ “ಹೂಂ”, “ಇಲ್ಲ” ಎಂದಷ್ಟೇ ಉತ್ತರಿಸಿದಳು. ಸಕ್ಕರೆಯ ಸಾಲಿಗೆ ಬಂದಾಗ ಅವಳೇ ಕೇಳಿದಳು:

“ನಿಮ್ಮ ರೋಜಾ ಗೌಡ್ರ ಮನೀ ಹೊಚ್ಚಲ ದಾಟಿದ ಮ್ಯಾಗ ಸುರು ಆಕ್ಕತೇನ್ರಿ, ಅಕ್ಕಾರ?”

ನಾನು ಪೆನ್ನನ್ನು ನಮೂನೆಯ ಮೇಲೆ ಇಟ್ಟೆ.

“ನನ್ನ ನೆಗೆಣ್ಣಿ ಅಲ್ಲೇ ಅಂಗಳಾ ಕಸಾ ಹೊಡಿತಿದ್ಲು. ನೀವು ಚಾ ಕುಡದದ್ದು ನೋಡ್ಯಾಳ. ಇಷ್ಟ ವರ್ಷ ಬಂದ್ರಿ, ಕುಂತ್ರಿ, ಕುಡದ್ರಿ. ಈ ಅಕ್ಕ ಅಂಥಾಕಿ ಅಲ್ಲ ಅಂತ ನಾನ ಕೇರಿಗೆಲ್ಲ ಹೇಳಿದ್ದೆ. ಈಗ ನಿಮಗೂ ಬಂತೇನು ಆ ಬ್ಯಾನಿ?”

ಮಾನ್ಯರೇ, ನನಗೆ ಕಾಯಿಲೆ ಇದೆಯೆಂದು ವೈದ್ಯೆ ಹೇಳಿದಾಗಲೂ ನಾನು ಎದುರಿಗೆ ಅತ್ತಿರಲಿಲ್ಲ. ಅಲ್ಲಿ ಅತ್ತುಬಿಟ್ಟೆ. ಎಡಗಣ್ಣು ಹೋದದ್ದು, ಬಲಗಣ್ಣಿಗೆ ಎರಡು ತಿಂಗಳು ಉಳಿದಿರುವುದು, ಗೌಡರ ಮನೆಯಲ್ಲಿ ಹೆದರಿ ಕುಡಿದದ್ದು, ದಾರಿಯಲ್ಲಿ ಸುಳ್ಳು ಹೊಳೆದದ್ದು, ಎಲ್ಲವನ್ನೂ ಹೇಳಿದೆ. ಅಲ್ಲಾಹನ ಹೆಸರಿನ ಉಪವಾಸವನ್ನು ಸುಳ್ಳಿಗೆ ಬಳಸಿದೆನೆಂದೂ ಒಪ್ಪಿಕೊಂಡೆ.

ದುರ್ಗವ್ವ ಎದ್ದು ನಿಂತಳು. “ಅಷ್ಟ ಹೇಳಾಕ ನಿಮಗ ಬಾಯಿ ಬರಲಿಲ್ಲೇನು? ಕಣ್ಣ ಕಳಕೊಳ್ರಿ ಅಂತ ಚಾ ಕೊಡ್ತೀವೇನು ನಾವು?” ಎಂದು ಬೈದಳು. ಆಮೇಲೆ ಧ್ವನಿ ಇಳಿಸಿ, “ನೀರರ ಕುಡೀತೀರಿಲ್ಲ?” ಎಂದಳು.

“ಕೊಡವಾ.”

ಅವಳು ಒಳಗೆ ಹೋಗಿ ಗಡಿಗೆಯಿಂದ ತಂಬಿಗೆ ತುಂಬಿ ತಂದಳು. ಒಂದು ತಂಬಿಗೆ ಪೂರ್ತಿ ಕುಡಿದೆ. ಇನ್ನೊಂದು ಕೇಳಿದೆ. ಅವಳು ತುಂಬಿ ತರುತ್ತಾ, “ಚಾ ಈಗ ಎಲ್ಲಾರೂ ಕುಡಿತಾರ್ರಿ, ಕುದಿಸಿದ್ದು ಅಂತ ಕಣ್ಣ ಮುಚ್ಚಿ ಕುಡಿತಾರ. ಗಡಿಗಿ ನೀರ ಮಾತ್ರ ಯಾರೂ ಕೇಳಂಗಿಲ್ಲ. ಇನ್ನ ಮ್ಯಾಲ ಬಂದ ಕೂಡ್ಲೆ ನೀರ ಕೇಳ್ರಿ. ಚಾ ವಿಚಾರ ಯಾರೂ ಎತ್ತಂಗಿಲ್ಲ” ಎಂದಳು.

ಅವಳು ಹೇಳಿದಂತೆಯೇ ಆಯಿತು. ಅಂದಿನಿಂದ ಹೊಸ್ತಿಲು ದಾಟಿದ ಕೂಡಲೇ, ಚಾಪೆ ಹಾಸುವ ಮೊದಲೇ, “ಬಾಯಾರೇತಿ, ನೀರ ಕೊಡ್ರಿ” ಎನ್ನುತ್ತೇನೆ. ಆಮೇಲೆ ಕಣ್ಣಿನ ವಿಷಯವನ್ನೂ ಹೇಳುತ್ತೇನೆ. ಯಾವ ಕೇರಿಯಲ್ಲಿಯೂ, ಯಾವ ಗೌಡರ ವಾಡೆಯಲ್ಲಿಯೂ ಇದುವರೆಗೆ ಯಾರೂ ಮುನಿಸಿಕೊಂಡಿಲ್ಲ.

ಆ ದಿನ ದುರ್ಗವ್ವನ ಸಕ್ಕರೆಯ ಸಾಲು ಖಾಲಿ ಉಳಿದಿತ್ತು. ಮತ್ತೆ ಕೇಳಿದೆ. ಅವಳು ನಕ್ಕಳು. “ಮನ್ಯಾಗ ಸಕ್ಕರಿ ಎಲ್ಲೈತ್ರಿ? ಬಂದವರಿಗಂತ ಇಷ್ಟ ಇಟ್ಟಿರತೀನಿ. ನಾ ಕುಡಿಯೂದೆಲ್ಲ ಹೊಲದಾಗ.” ಅವಳು ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕೆಲಸ ಮಾಡುತ್ತಾಳೆ. ಆ ಕೆಲಸ ಬೆಳಗಿನ ಹೊತ್ತಿನಲ್ಲಿ ನಿಲ್ಲಿಸದೆ ಆಗಬೇಕು. ರೊಟ್ಟಿ ಬಿಚ್ಚಿ ಕುಳಿತರೆ ಹೊತ್ತು ಮೀರುತ್ತದೆ. ಅದಕ್ಕೆಂದು ಮಾಲೀಕರು ಸಾಲಿನಲ್ಲಿ ನಿಂತಲ್ಲಿಗೇ ಚಹಾ ಕಳುಹಿಸುತ್ತಾರೆ, ಮೂರು ಸಲ, ನಾಲ್ಕು ಸಲ. “ಪಾಕದಂಗಿರತೈತ್ರಿ. ಕುಡದ್ರ ಹಸಿವಿ ಸತ್ತು ಹೊಕ್ಕತಿ” ಎಂದಳು. ನಾನು ಪೆನ್ನು ಹಿಡಿದು ಕುಳಿತೆ. ಮನೆಯ ಸಕ್ಕರೆ ಅತಿಥಿಗಳದು, ಕಳೆಯತಕ್ಕದ್ದು. ಹೊಲದ ಸಕ್ಕರೆ ಹೊರಗಿನದು, ವ್ಯಾಪ್ತಿಗೆ ಬರುವುದಿಲ್ಲ. ನಿಯಮದಂತೆ ದುರ್ಗವ್ವನ ಸಾಲಿನಲ್ಲಿ ಸೊನ್ನೆ ಬರೆದೆ. ಆ ಸೊನ್ನೆಯನ್ನು ಬರೆಯುವಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮುಂದಿನ ವಾರ ಅವಳನ್ನು ಒತ್ತಾಯಿಸಿ ರಾಣೆಬೆನ್ನೂರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಅವಳಿಗೂ ಇತ್ತು. ಕಣ್ಣು ಮಾತ್ರ ಇನ್ನೂ ಚೆನ್ನಾಗಿವೆ, ಅಲ್ಲಾಹನ ದಯೆ.

ಮೂರು ತಿಂಗಳು ತುಂಬಿದ ದಿನ ಅದೇ ಉದ್ದನೆಯ ಕೋಣೆಯಲ್ಲಿ ಕಣ್ಣು ಮುಚ್ಚಿ ಕುಳಿತೆ. ಈ ಸಲ ಟ್ರೇ ಬಂದಾಗ ಕೈಯನ್ನು ಮಡಿಲಲ್ಲಿಯೇ ಇಟ್ಟುಕೊಂಡೆ. ವೈದ್ಯೆ ರಕ್ತದ ಚೀಟಿ ನೋಡಿದರು, ಬಲಗಣ್ಣಿನೊಳಗೆ ಬೆಳಕು ಬಿಟ್ಟು ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮೇಲೆ ನೋಡಿ ಎಂದರು. ನನ್ನ ಪತಿ ಬಾಗಿಲ ಸಂದಿಯಲ್ಲಿ ನಿಂತಿದ್ದರು. ಅವರ ಉಸಿರಿನ ಸದ್ದು ನನಗೆ ಕೇಳಿಸುತ್ತಿತ್ತು.

“ನಿಂತೈತ್ರಿ ಅಮ್ಮಾ. ಈ ಕಣ್ಣು ಉಳೀತು. ಇದನ್ನ ಹಿಂಗ ಕಾಯ್ಕೋರಿ” ಎಂದರು ವೈದ್ಯೆ.

ನನ್ನ ಪತಿ ಹೊರಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತರು. “ಯಾಕ, ಅಳಾಕತ್ತೀರೇನು?” ಎಂದೆ. “ಘಾಟ” ಎಂದರು.

ಇಲ್ಲಿಗೆ ಮುಗಿಸಿದ್ದರೆ ಇದು ಸಂತೋಷದ ಪತ್ರವಾಗುತ್ತಿತ್ತು. ಆದರೆ ಆ ನಂತರ ಹಾವೇರಿಯಲ್ಲಿ ಸಭೆ ನಡೆಯಿತು. ಸಮೀಕ್ಷೆಯ ಫಲಿತಾಂಶವನ್ನು ಪರದೆಯ ಮೇಲೆ ತೋರಿಸಿದರು. ನಮ್ಮ ತಾಲೂಕುಗಳ ನಕ್ಷೆಗೆ ಹಸಿರು ಬಣ್ಣ ಹಚ್ಚಿದ್ದರು. ಹಸಿರೆಂದರೆ ಸಕ್ಕರೆಯ ಬಳಕೆ ಕಡಿಮೆ, ಚಿಂತೆ ಬೇಡ. ಆದ್ದರಿಂದ ಇಲ್ಲಿ ಬೇರೆ ಕ್ರಮದ ಅಗತ್ಯವಿಲ್ಲ, ನಾಲಿಗೆಯ ಮೇಲೆ ಹಿಡಿತವಿರಲಿ ಎಂಬ ಭಿತ್ತಿಪತ್ರ ಅಂಟಿಸಿದರೆ ಸಾಕು ಎಂದು ಮೇಲಿನ ಅಧಿಕಾರಿಗಳು ಹೇಳಿದರು. ಹಾಗಾದರೆ ಕಾಯಿಲೆ ಏಕೆ ಹೆಚ್ಚುತ್ತಿದೆ ಎಂದು ಯಾರೋ ಕೇಳಿದ್ದಕ್ಕೆ, “ಜನ ಖರೇ ಹೇಳಂಗಿಲ್ಲರಿ” ಎಂದು ಉತ್ತರ ಬಂದಿತು.

ಸಭೆಯಲ್ಲಿ ಎದ್ದು ನಿಂತು ಮಾತನಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. “ಜನ ಖರೇನ ಹೇಳ್ಯಾರ್ರಿ. ಕಳದಾಕಿ ನಾನು. ಕಳೀ ಅಂತ ಬರದವರು ನೀವು” ಎಂದೆ. ಹೊಲದ ಚಹಾ, ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಚಹಾ, ನಮ್ಮಂಥ ತಿರುಗುವವರ ಚಹಾ, ಇವು ಯಾವ ಸಾಲಿನಲ್ಲಿವೆ ಎಂದು ಕೇಳಿದೆ. ಒಂದು ಸಾಲು ಸೇರಿಸಿರಿ ಎಂದು ಬೇಡಿಕೊಂಡೆ. ಆ ಸಾಲು ಇದ್ದರೆ ಹೊಲದ ಮಾಲೀಕರಿಗೆ ಚಹಾದ ಬದಲು ಊಟಕ್ಕೆ ಬಿಡುವು ಕೊಡಿರಿ ಎಂದು ಹೇಳಲು ತಮಗೊಂದು ಆಧಾರವಾಗುತ್ತದೆ ಎಂದೆ. ನಮೂನೆ ಅಂತಿಮವಾಗಿದೆ, ಬದಲಿಸಲು ಬರುವುದಿಲ್ಲ, ನಿಮ್ಮ ಆರೋಗ್ಯದ ಬಗ್ಗೆ ವಿಷಾದವಿದೆ ಎಂದರು. ವಿಷಾದ ಬೇಡ, ಸಾಲು ಬೇಕು ಎಂದೆ. ಮೇಲ್ವಿಚಾರಕರು ನನ್ನ ಬುರ್ಖಾ ಹಿಡಿದೆಳೆಯುವುದೊಂದು ಬಾಕಿ. “ಕುಂದ್ರಿ, ಕುಂದ್ರಿ” ಎಂದು ಪಿಸುಗುಟ್ಟುತ್ತಿದ್ದರು.

ಅಂದಿನಿಂದ ನಾನು ತುಂಬುವ ಪ್ರತಿ ನಮೂನೆಯ ಹಿಂದೆ ಒಂದು ಬಿಳಿ ಹಾಳೆಯನ್ನು ಲಗತ್ತಿಸುತ್ತಿದ್ದೇನೆ. ಆ ಮನೆಯವರು ಹೊರಗೆ ಎಲ್ಲಿ, ಯಾರು ಕೊಟ್ಟ ಚಹಾವನ್ನು, ಎಷ್ಟು ಸಲ ಕುಡಿದರು ಎಂಬುದನ್ನು ಅವರನ್ನೇ ಕೇಳಿ ಬರೆದ ಹಾಳೆ. ಮೊದಲನೆಯದು ದುರ್ಗವ್ವನದು. ಮೊದಲ ಕಂತಿನ ಹಾಳೆಗಳು ‘ಅನಗತ್ಯ ಲಗತ್ತುಗಳು’ ಎಂಬ ಷರಾದೊಂದಿಗೆ ವಾಪಸು ಬಂದವು. ಅವನ್ನೇ ಮತ್ತೆ ಲಗತ್ತಿಸಿ, ಸ್ವೀಕೃತಿ ಕೋರಿ ಕಳುಹಿಸಿದ್ದೇನೆ. ಮತ್ತೆ ಬಂದರೆ ಮತ್ತೆ ಕಳುಹಿಸುತ್ತೇನೆ. ಉಳಿದಿರುವ ಕಣ್ಣಿಗೆ ಸದ್ಯಕ್ಕೆ ನಾನು ಕೊಟ್ಟಿರುವ ಕೆಲಸ ಇದು.

ಕೊನೆಯದಾಗಿ ತಮ್ಮಲ್ಲಿ ವಿನಂತಿ. ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯವಿಟ್ಟು ತಿದ್ದಿ, ನನಗೂ ತಿಳಿಸಬೇಕು, ಕಲಿತುಕೊಳ್ಳುತ್ತೇನೆ. ಸದರಿ ಬಿಳಿ ಹಾಳೆಗಳಲ್ಲಿ ತಪ್ಪಿದೆಯೆಂದು ಯಾರಿಗಾದರೂ ಅನ್ನಿಸಿದಲ್ಲಿ ಅದನ್ನೂ ತಿದ್ದಬಹುದು, ಆದರೆ ಕಚೇರಿಯಲ್ಲಿ ಕುಳಿತು ತಿದ್ದಬಾರದು. ಆ ಮನೆಗಳಿಗೇ ಹೋಗಬೇಕು. ಹೋದವರಿಗೆ ಚಾಪೆ ಹಾಸುತ್ತಾರೆ, ಚಹಾ ಕೊಡುತ್ತಾರೆ. ಅದರಲ್ಲಿ ಎಷ್ಟು ಸಕ್ಕರೆ ಇದೆಯೆಂದು ಕೇಳಿ, ಕುಡಿಯುವ ಮೊದಲೇ ತಮ್ಮ ಹೆಸರಿನ ಮುಂದೆ ಬರೆದುಕೊಳ್ಳಬೇಕು.

ತಮ್ಮ ವಿಶ್ವಾಸಿ,
ಹಸೀನಾಬಾನು
ಬ್ಯಾಡಗಿ